ಭೋಸರಿಯ ಗುರುವಾರ

ಗುರುವಾರ ಭೋಸರಿಯಲ್ಲಿ ಕರೆಂಟಿಗೆ ರಜೆ.
ಹಾಗಾಗಿ ಅಪ್ಪನ ಭಾನುವಾರ ಗುರುವಾರವೇ ಬರುತ್ತದೆ.
ಆ ದಿನವೂ ಸುಮ್ಮನಿರದೆ ಶೆಡ್ಡಿನ ಬೀಗ ತೆಗೆದು
ಒಮ್ಮೆ ಅವಳನ್ನು ನೋಡಿ ಬರುತ್ತಾನೆ.
"ಆಕೀಗೆ ಜರಾ ಜ್ವರ ಬಂದಂಗೈತಿ" ಎಂದು
ಅವ್ವನ ಮುಂದೆಯೇ ಅನ್ನುತ್ತಾನೆ.
ಅವ್ವ ರೊಟ್ಟಿ ಬಡಿಯುತ್ತ, ತಲೆ ಎತ್ತದೆ,
"ಕಷಾಯ ಕುಡಿಸ್ರಿ."

ಆಕಿ ಅಂದರೆ ಲೇತು.
ಅಪ್ಪನಿಗಿಂತ ಏಳು ವರ್ಷ ದೊಡ್ಡವಳು,
ಎರಡು ಮನೆ ಬಾಳಿ ಮೂರನೆಯದಕ್ಕೆ ಬಂದವಳು,
ಹೊಟ್ಟೆಯ ಮೇಲೆ ಹಿತ್ತಾಳೆಯ ಪಟ್ಟಿ,
ಪಟ್ಟಿಯಲ್ಲಿ ಅರ್ಧ ಸವೆದ ಊರು: ಕಾರ್ಲ್-ಮಾರ್ಕ್ಸ್-ಸ್ಟಾಟ್.
ಏಳನೇ ಕ್ಲಾಸಿನ ನಕ್ಷೆಯಲ್ಲಿ ಬೆರಳಿಟ್ಟು ಹುಡುಕಿದ್ದೆ, ಇರಲಿಲ್ಲ.
ಊರಿಗೆ ಹೆಸರು ಬದಲಾಗಿತ್ತಂತೆ.
ಇರಲಿ, ನಮ್ಮದಕ್ಕೂ ಬದಲಾಗಿದೆ,
ಅಪ್ಪ ಇನ್ನೂ ಬಿಜಾಪುರ ಅಂತಲೇ ಅನ್ನುತ್ತಾನೆ.

ಡೆಕ್ಕನ್ನಿನ ಕ್ಲಾಸಿನಲ್ಲಿ ಮೊದಲ ವಾರ:
ಚಮಚ ಗಂಡು, ಫೋರ್ಕು ಹೆಣ್ಣು, ಚಾಕು ನಪುಂಸಕ.
ಮರಾಠಿ ಹುಡುಗಿಯರಿಗೆ ಇದು ಮನೆಯ ರೂಢಿ.
ನನಗೋ ಜಗತ್ತಿನ ಸಾಮಾನೆಲ್ಲ ಬರೀ 'ಅದು'.
ಬಸ್ಸಿನಲ್ಲಿ ನೇತಾಡುತ್ತ ಬಾಯಿಪಾಠ ಮಾಡಿದೆ,
ಕುರ್ಚಿಗೊಂದು ಮೀಸೆ, ದೀಪಕ್ಕೊಂದು ಬಳೆ.

ಮುಂದೆ ಲೈಪ್ಸಿಗ್‌ನಲ್ಲಿ ಒಂದು ಸೆಮಿಸ್ಟರು.
'ಏಕೆಂದರೆ' ಬಂದರೆ ಕ್ರಿಯಾಪದ ವಾಕ್ಯದ ತುದಿಗೆ ಹೋಗಬೇಕು:
ಲಿಯೋನಿನ ಹುಡುಗ ತಲೆ ಕೆರೆದುಕೊಂಡ,
ನಾನು ಚಪ್ಪಲಿ ಬಿಟ್ಟು
ಸೀದಾ ಒಳಗೆ ಹೋದೆ.
ಉಳಿದ ಬಾಗಿಲುಗಳು ಹಾಗಿರಲಿಲ್ಲ.
ಡಿಸೆಂಬರಿನ ಒಂದು ಶನಿವಾರ, ಒಂದು ಭಾನುವಾರ
ಒಂದೇ ಒಂದು ವ್ಯಾಕರಣದ ತಪ್ಪೂ ಮಾಡಲಿಲ್ಲ.
ಯಾರ ಹತ್ತಿರವೂ ಮಾತಾಡಿರಲಿಲ್ಲ.
ಸೋಮವಾರ ಬೇಕರಿಯವಳಿಗೆ 'ಎರಡು' ಎನ್ನುವಾಗ
ಗಂಟಲು ತುಕ್ಕು ಹಿಡಿದ ತಿರುಪಿನಂತೆ ಕಿರುಗುಟ್ಟಿತು.

ಫೆಬ್ರವರಿಯಲ್ಲಿ, ಪರೀಕ್ಷೆ ಮುಗಿದ ಮೇಲೆ,
ರೈಲು ಹತ್ತಿ ಆ ಊರಿಗೆ ಹೋದೆ.
ಫೋನಿನಲ್ಲಿ ಹಿತ್ತಾಳೆ ಪಟ್ಟಿಯ ಫೋಟೋ.
ಕಾರ್ಖಾನೆಯಿದ್ದಲ್ಲಿ ಈಗ ಕಿರಾಣಿಯ ದೊಡ್ಡ ಅಂಗಡಿ,
ಕಾರು ನಿಲ್ಲಿಸುವ ಬಯಲು, ಕೆಂಪು ಇಟ್ಟಿಗೆಯ ಒಂದು ಗೋಡೆ,
ಗೋಡೆಗೊರಗಿ ಬಸ್ಸಿಗೆ ಕಾಯುವ ಒಬ್ಬ ಮುದುಕಿ,
ಕೈಚೀಲದಿಂದ ಈರುಳ್ಳಿ ಎಲೆ ಇಣುಕುತ್ತಿತ್ತು.
ಯಾಕೆ ಗೋಡೆಯ ಫೋಟೋ ತೆಗೆಯುತ್ತೀ, ಅಂದಳು.
ಫೋನು ಅವಳ ಕೈಗೆ ಕೊಟ್ಟೆ.
ಕನ್ನಡಕ ಹಣೆಗೇರಿಸಿ, ಕಣ್ಣಿಗೆ ತೀರಾ ಹತ್ತಿರ ಹಿಡಿದು
ಬಹಳ ಹೊತ್ತು ನೋಡಿದಳು.
ಹದಿನೆಂಟಕ್ಕೆ ಸೇರಿದೆ, ಬಣ್ಣ ಬಳಿಯುವ ವಿಭಾಗ ನಂದು.
ಹಸಿರಾ?
ಹಸಿರು, ಅಂದೆ.
ಆಮೇಲೆ ಕೇಳಿದಳು: ಲೊಯ್ಫ್ಟ್ ಜೀ ನೋಖ್?
ಅವಳು ಇನ್ನೂ ಓಡುತ್ತಾಳಾ?

ಅವಳು.
ಎರಡು ವರ್ಷ ಪಟ್ಟಿ ಮಾಡಿ ಉರು ಹೊಡೆದದ್ದೆಲ್ಲ
ಆ ಒಂದು ಸರ್ವನಾಮದೊಳಗೆ ಬಂದು ಕೂತಿತು,
ಎದುರಿಗೆ ಅವ್ವ ರೊಟ್ಟಿ ಬಡಿಯುತ್ತಿದ್ದಂತೆ.
ಯಾ, ಅಂದೆ. ಹೆಚ್ಚು ಬರಲಿಲ್ಲ.
ಬಸ್ಸು ಬಂತು.

ಇವತ್ತು ಗುರುವಾರ.
ಶೆಡ್ಡಿನಲ್ಲಿ, ಅಪ್ಪನಿಗೆ ಎಲ್ಲ ಹೇಳಿದೆ,
ಗೋಡೆ, ಈರುಳ್ಳಿ, ಮುದುಕಿಯ ಕೈಯ ನಡುಕ.
ಅಪ್ಪ ಹತ್ತಿ ಅರಿವೆಯಿಂದ ಪಟ್ಟಿಯೊರೆಸುತ್ತ ಕೇಳಿದ,
ನಾನು ಅಂದುಕೊಂಡದ್ದೇನನ್ನೂ ಅನ್ನಲಿಲ್ಲ.
"ಹಸರಿನ ನಂಬರ್ ಕೇಳಿದ್ಯೇನು? ಇಲ್ಲೆ ಯಾವದೂ ಜೋಡಿ ಆಗವಲ್ದು."

ಕೇಳಿರಲಿಲ್ಲ.
ಅಪ್ಪ ಹೋಗಲಿ ಬಿಡು ಎಂಬಂತೆ ತಲೆಯಾಡಿಸಿ,
ಕರೆಂಟಿಲ್ಲದ ಅವಳ ಚಕ್ಕನ್ನು, ಎಣ್ಣೆ ಹತ್ತಿದ ಅಂಗೈಯಿಂದ,
ಒಂದೇ ಒಂದು ಸುತ್ತು
ತಿರುಗಿಸಿದ.